ವಿದ್ಯಾದಾಸೋಹಿ ದಿನಕರ ದೇಸಾಯಿಯವರು

ಶಿವಶರಣರ ತತ್ತ್ವದಲ್ಲಿ ಕಾಯಕವೂ ದಾಸೋಹವೂ ಒಂದನ್ನೊಂದು ಬಿಟ್ಟಿರಲಾರವು. ಸತ್ಯಶುದ್ಧವಾದ ದುಡಿಮೆಯಿಂದ ಬಂದುದನ್ನು ಸಮಾಜಕ್ಕೆ ಸವೆಸುವುದೇ ದಾಸೋಹ. ಆದರೆ ಸವೆಸುವಾತನು ತಾನು ದಾನಿಯೆಂದು ಬೀಗಿದೊಡನೆಯೇ ಅದು ದಾಸೋಹವಾಗಿ ಉಳಿಯದು. ಅನ್ನದಾಸೋಹದಲ್ಲಿ ಈ ನಿರಹಂಕಾರವನ್ನು ಕಾಪಾಡಿಕೊಳ್ಳುವುದು ಅಷ್ಟೊಂದು ಕಠಿಣವಲ್ಲ. ಉಂಡವರು ಎದ್ದು ಹೋಗುವರು. ಎಲೆ ಎತ್ತಿದರೆ ಅಂದಿನ ಲೆಕ್ಕ ಮುಗಿಯಿತು. ವಿದ್ಯಾದಾಸೋಹದ ಸಂಗತಿ ಹಾಗಲ್ಲ. ಒಂದು ಕಾಲೇಜನ್ನು ಕಟ್ಟಿದರೆ ಭೂಮಿ, ಕಟ್ಟಡ, ನಿಧಿ, ನೌಕರಿ, ಅಧಿಕಾರ ಇವೆಲ್ಲವೂ ತಲೆಮಾರುಗಳವರೆಗೆ ನಿಲ್ಲುತ್ತವೆ. ಕಟ್ಟಿದವನಿಗೆ ಅದು ತನ್ನದೆನಿಸತೊಡಗುವುದು, ಅನಂತರ ತನ್ನ ಮಕ್ಕಳದೆನಿಸುವುದು. ದಾಸೋಹವೆಂದು ಮೊದಲಾದುದು ಮೆಲ್ಲಮೆಲ್ಲನೆ ಒಡೆತನವಾಗಿ ಮಾರ್ಪಡುವ ಭಯವು ವಿದ್ಯಾಸಂಸ್ಥೆಗಳಲ್ಲಿರುವಷ್ಟು ಬೇರೆಲ್ಲಿಯೂ ಇಲ್ಲ.

ಈ ಭಯವನ್ನು ಗೆದ್ದು, ನೂರಾರು ಜನರ ಹಣದಿಂದ ಶಾಲೆ ಕಾಲೇಜುಗಳನ್ನು ಕಟ್ಟಿ, ಅವುಗಳಲ್ಲಿ ತಮ್ಮದೆಂಬ ಏನನ್ನೂ ಇಟ್ಟುಕೊಳ್ಳದೆ ಹೋದವರಲ್ಲಿ ಉತ್ತರ ಕನ್ನಡದ ದಿನಕರ ದೇಸಾಯಿಯವರು ಸ್ಮರಣೀಯರು. ಅವರು ಲಿಂಗವಂತ ಮನೆತನದಲ್ಲಿ ಹುಟ್ಟಿದವರಲ್ಲ. ಆದರೆ ಕಾಯಕ ದಾಸೋಹಗಳ ಮರ್ಮವನ್ನು ನಡೆಯಲ್ಲಿ ತೋರಿದವರು ಯಾವ ಮನೆತನದವರಾದರೂ ಸದ್ಭಕ್ತರಿಗೆ ಹೊರಗಿನವರಲ್ಲ.

ಅಂಕೋಲೆಯ ಉತ್ತರಕ್ಕೆ ಕಡಲಿನ ಒಳಚಾಚಿನ ದಡದಲ್ಲಿ ಬೇಲೆಕೇರಿಯೆಂಬ ಗ್ರಾಮವಿದೆ. ಅದೊಂದು ಹಳೆಯ ಬಂದರು; ಮೀನುಗಾರರ ನೆಲೆ. ಅದರ ನೆರೆಯಲ್ಲಿಯೇ ಗದ್ದೆ ಗುಡ್ಡಗಳ ನಡುವೆ ಅಲಗೇರಿ ಇದೆ. ೧೯೦೯ನೆಯ ಇಸವಿಯ ಸಪ್ಟಂಬರ ೧೦ರಂದು ದಿನಕರ ದೇಸಾಯಿಯವರು ಈ ಅಲಗೇರಿಯಲ್ಲಿ ಜನಿಸಿದರು. ತಂದೆ ದತ್ತಾತ್ರೇಯ, ತಾಯಿ ಅಂಬಿಕಾ. ತಂದೆಯವರು ಶಾಲಾಶಿಕ್ಷಕರಾಗಿದ್ದುದರಿಂದ ಬಾಲಕನಿಗೆ ಅಕ್ಷರದ ಸಂಸ್ಕಾರವು ಮನೆಯಲ್ಲಿಯೇ ದೊರೆಯಿತು. ಅಕ್ಕಪಕ್ಕದ ಗದ್ದೆಗಳಲ್ಲಿ ದುಡಿಯುತ್ತಿದ್ದ ಗೇಣಿದಾರರ ಮಕ್ಕಳಿಗೂ ಬೇಲೆಕೇರಿಯ ದೋಣಿಗಳಲ್ಲಿ ದುಡಿಯುತ್ತಿದ್ದವರ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ.

ಆ ಕಾಲದಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ನದಿಗಳು ಕರಾವಳಿಯನ್ನು ತುಂಡುತುಂಡಾಗಿ ಕಡಿದಿದ್ದವು. ಸೇತುವೆಗಳಾಗುವ ಮುನ್ನ ತರಿ ದಾಟಿಯೇ ಮುಂದೆ ಹೋಗಬೇಕಾಗಿತ್ತು. ಮೂಡಲಿಗೆ ಘಟ್ಟದ ಗೋಡೆ. ಕನ್ನಡ ನಾಡಿನ ಆ ಭಾಗದವರಿಗೆ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು ೧೯೧೭ರಲ್ಲಿ. ಬೇಲೆಕೇರಿಯ ಹುಡುಗನೊಬ್ಬನು ಕಾಲೇಜಿನ ಮೆಟ್ಟಿಲು ಹತ್ತಬೇಕಾದರೆ ಘಟ್ಟವನ್ನೇರಿ ಹೋಗಿ, ಪರಊರಿನಲ್ಲಿ ವರ್ಷಗಟ್ಟಲೆ ಊಟ ವಸತಿಗಳಿಗೆ ಹಣ ತೆರಬೇಕು. ಉಳ್ಳವರ ಮನೆಯ ಗಂಡುಮಕ್ಕಳಲ್ಲಿಯೂ ಕೆಲವರಿಗೆ ಮಾತ್ರ ಅದು ಸಾಧ್ಯವಾಗುತ್ತಿತ್ತು. ಹೆಣ್ಣುಮಕ್ಕಳ ಮಾತೇ ಇಲ್ಲ.

ಆ ಕೆಲವರಲ್ಲಿ ದೇಸಾಯಿಯವರೂ ಒಬ್ಬರಾದರು. ಅವರು ಹೊರಊರುಗಳಲ್ಲಿ ವ್ಯಾಸಂಗವನ್ನು ಮುಂದುವರಿಸಿ, ಮುಂಬಯಿಯಲ್ಲಿ ಎಂ.ಎ. ಪದವಿಯನ್ನೂ ಕಾನೂನಿನ ಪದವಿಯನ್ನೂ ಪಡೆದರು. ಅವರ ಸಂಶೋಧನೆಯ ವಿಷಯವು ಈ ಪತ್ರಿಕೆಯ ವಾಚಕರಿಗೆ ವಿಶೇಷ ಆಸಕ್ತಿಯದು. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಹಾಮಂಡಲೇಶ್ವರರನ್ನು ಕುರಿತು ಅವರು ಅಭ್ಯಾಸ ಮಾಡಿದರು. ಆ ಗ್ರಂಥವು ೧೯೫೧ರಲ್ಲಿ ಪ್ರಕಟವಾಯಿತು. ಬಸವಣ್ಣನವರು ಯಾರ ಭಂಡಾರದ ಲೆಕ್ಕವನ್ನು ನೋಡಿಕೊಂಡರೋ ಆ ಬಿಜ್ಜಳನೂ ಮೊದಲು ಚಾಲುಕ್ಯರ ಮಹಾಮಂಡಲೇಶ್ವರನೇ ಆಗಿದ್ದನು. ಪರರ ಭಂಡಾರವನ್ನು ಕಾಯುವವನ ನಿಷ್ಠೆ ಎಂತಹದಿರಬೇಕೆಂಬುದಕ್ಕೆ ಕನ್ನಡ ನಾಡಿನಲ್ಲಿ ಅದಕ್ಕಿಂತ ದೊಡ್ಡ ನಿದರ್ಶನ ಬೇರೆ ಇಲ್ಲ.

ಕಾನೂನು ಕಲಿತ ತರುಣನಿಗೆ ವಕೀಲಿಯೂ ಸರಕಾರಿ ಹುದ್ದೆಯೂ ಕೈನೀಡಿ ಕರೆಯುತ್ತಿದ್ದ ಕಾಲವದು. ದೇಸಾಯಿಯವರು ಎರಡನ್ನೂ ಬಿಟ್ಟು ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿದರು. ಆ ಸಮಾಜವು ಒಂದು ವಿಧದ ಸಂನ್ಯಾಸಾಶ್ರಮವೇ ಸರಿ, ಕಾವಿಯೊಂದು ಇಲ್ಲ. ಸದಸ್ಯನಾದವನು ತನಗಾಗಿ ಹಣ ಗಳಿಸಬಾರದು. ಸಮಾಜವು ಕೊಡುವ ಜೀವನಾಂಶದಲ್ಲಿ ಸಂಸಾರ ಸಾಗಿಸಿ, ಉಳಿದ ಶಕ್ತಿಯನ್ನೆಲ್ಲ ದೇಶಕ್ಕೆ ಒಪ್ಪಿಸಬೇಕು.

ಗೋಖಲೆಯವರು ಈ ನಿಯಮವನ್ನು ಕಲಿತುದು ಒಂದು ಕಾಲೇಜಿನಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ೧೮೮೪ರಲ್ಲಿ ಪುಣೆಯಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ ಹುಟ್ಟಿತು. ಮರುವರ್ಷ ಫರ್ಗ್ಯುಸನ್ ಕಾಲೇಜು ತೆರೆಯಿತು. ಅದರ ಆಡಳಿತವನ್ನು ಸಿರಿವಂತ ಪೋಷಕರಿಗಾಗಲಿ ಸರಕಾರಕ್ಕಾಗಲಿ ಬಿಡಲಿಲ್ಲ. ಅಲ್ಲಿ ಪಾಠ ಹೇಳುವವರೇ ಆಜೀವ ಸದಸ್ಯರಾಗಿ, ಸುಮಾರು ಇಪ್ಪತ್ತು ವರ್ಷ ಅಲ್ಪವೇತನದಲ್ಲಿ ದುಡಿಯುವೆವೆಂದು ಮಾತುಕೊಟ್ಟು ಸಂಸ್ಥೆಯನ್ನು ನಡೆಸಿದರು. ಗೋಖಲೆಯವರು ತಿಂಗಳಿಗೆ ೭೫ ರೂಪಾಯಿಗಳ ಮೇಲೆ ದುಡಿದು ೧೯೦೨ರಲ್ಲಿ ನಿವೃತ್ತರಾದರು. ಮುಂದೆ ೧೯೦೪ರ ವಿಶ್ವವಿದ್ಯಾಲಯಗಳ ಕಾಯದೆಯು ಸೆನೆಟ್ಟಿನ ಬಹುಪಾಲು ಸ್ಥಾನಗಳನ್ನು ಸರಕಾರದ ನಾಮಕರಣಕ್ಕೆ ಬಿಟ್ಟಾಗ ಅವರು ಶಾಸನಸಭೆಯಲ್ಲಿ ನಿಂತು ವಿರೋಧಿಸಿದರು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅವರ ಮಸೂದೆ ೧೯೧೧ರಲ್ಲಿ ಮಂಡಿತವಾಗಿ ೧೯೧೨ರಲ್ಲಿ ಬಿದ್ದುಹೋಯಿತು. ಕಲಿಸುವವರ ತ್ಯಾಗ, ಆಡಳಿತದ ಸ್ವಾತಂತ್ರ್ಯ, ಎಲ್ಲರಿಗೂ ಅಕ್ಷರ ಈ ಮೂರು ಆಸೆಗಳೂ ಗುರುವಿನ ಆಸ್ತಿಯಾಗಿ ದೇಸಾಯಿಯವರಿಗೆ ಬಂದವು.

ಮುಂಬಯಿಯಲ್ಲಿ ದೇಸಾಯಿಯವರು ಕೈಕೊಂಡ ಕಾಯಕವೆಂದರೆ ಹಡಗಿನ ಕೆಲಸಗಾರರ ಸಂಘಟನೆ. ಕೊಂಕಣ, ಗೋವೆಗಳಿಂದ ಬಂದು ತಿಂಗಳುಗಟ್ಟಲೆ ನೀರಿನ ಮೇಲೆ ದುಡಿಯುತ್ತಿದ್ದ ಆ ಜನರಿಗೆ ಮಧ್ಯವರ್ತಿಗಳ ಕಾಟ ತಪ್ಪಿರಲಿಲ್ಲ. ದೇಸಾಯಿಯವರು ಅವರ ಸಂಘವನ್ನು ಬಲಪಡಿಸಿದರಲ್ಲದೆ, ಭಾರತದ ನಾವಿಕ ಕಾರ್ಮಿಕರನ್ನು ಕುರಿತು ೧೯೪೦ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಬರೆದರು. ಅದಕ್ಕೆ ಮುಂಚೆ, ೧೯೩೮ರಲ್ಲಿ, ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತ ಅವರ ಇನ್ನೊಂದು ಗ್ರಂಥ ಹೊರಬಂದಿತ್ತು. ಕೈಯಲ್ಲಿ ಒಂದು ಶಾಲೆಯೂ ಇಲ್ಲದ ದಿನಗಳಲ್ಲಿಯೇ ಶಾಲೆಗಳ ವ್ಯವಸ್ಥೆಯನ್ನು ಅವರು ಅಂಕೆಸಂಖ್ಯೆಗಳೊಡನೆ ಅಭ್ಯಾಸ ಮಾಡಿದ್ದರು. ಉತ್ಸಾಹದಿಂದ ಸಂಸ್ಥೆ ಕಟ್ಟಿ ಅನಂತರ ಕಲಿಯುವವರು ಬಹಳ. ಕಲಿತು ಕಟ್ಟುವವರು ವಿರಳ.

ಅದೇ ವರ್ಷಗಳಲ್ಲಿ ಹುಟ್ಟೂರಿನ ಗೇಣಿದಾರರ ಕೂಗು ಅವರನ್ನು ಮರಳಿ ಕರೆಯಿತು. ಉತ್ತರ ಕನ್ನಡದಲ್ಲಿ ಚಾಲಗೇಣಿಯ ರೈತನಿಗೆ ಉತ್ತ ನೆಲದ ಮೇಲೆ ಯಾವ ಭದ್ರತೆಯೂ ಇರಲಿಲ್ಲ. ಒಡೆಯನು ಬಿಡೆಂದರೆ ಬಿಡಬೇಕು. ಕೇಳಿದಷ್ಟು ಗೇಣಿಯನ್ನು ಅಳೆಯಬೇಕು. ದೇಸಾಯಿಯವರು ಅಂಕೋಲೆಯ ಸುತ್ತಿನ ರೈತರನ್ನು ಒಟ್ಟುಗೂಡಿಸಿ, ಉಳುವವನಿಗೆ ನೆಲವೆಂಬ ಬೇಡಿಕೆಯನ್ನು ಎತ್ತಿ ಹಿಡಿದರು. ಆಂಗ್ಲ ಸರಕಾರವು ೧೯೪೦ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಐದು ವರ್ಷಗಳ ಕಾಲ ಅಲಗೇರಿಯ ಮಗನು ಅಲಗೇರಿಯನ್ನು ಕಾಣುವಂತಿರಲಿಲ್ಲ. ಕರ್ನಾಟಕದಲ್ಲಿ ಗೇಣಿದಾರನನ್ನು ನೆಲದ ಒಡೆಯನನ್ನಾಗಿ ಮಾಡಿದ ಭೂಸುಧಾರಣೆಯು ಜಾರಿಗೆ ಬಂದದ್ದು ೧೯೭೪ರಲ್ಲಿ. ಮೂರು ದಶಕಗಳಿಗೂ ಮುಂಚೆ ಅದಕ್ಕಾಗಿ ಶಿಕ್ಷೆ ಅನುಭವಿಸಿದವರಲ್ಲಿ ಅವರೊಬ್ಬರು.

ಈ ಹೋರಾಟವು ಅವರಿಗೆ ಒಂದು ಸತ್ಯವನ್ನು ತೋರಿಸಿತೆನ್ನಬಹುದು. ಓದಲು ಬಾರದ ರೈತನಿಗೆ ಕಾಯದೆಯೇ ನೆಲವನ್ನು ಕೊಟ್ಟರೂ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಗೇಣಿಚೀಟಿಯಲ್ಲಿ ಬರೆದಿರುವುದೇನೆಂದು ತಿಳಿಯದವನ ಹೆಬ್ಬೆಟ್ಟು ಯಾರ ಕಾಗದದ ಮೇಲಾದರೂ ಬಿದ್ದೀತು. ನೆಲದ ಹೋರಾಟವು ಅಕ್ಷರದ ಹೋರಾಟವಾಗಿ ಮುಂದುವರಿಯಬೇಕಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, ೧೯೫೩ರಲ್ಲಿ, ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು.

ಟ್ರಸ್ಟ್ ಎಂಬ ಈ ಮಾತಿನ ಅರ್ಥವನ್ನು ಗೃಹಸ್ಥರು ಚೆನ್ನಾಗಿ ತಿಳಿದುಕೊಳ್ಳುವುದು ಅವಶ್ಯ. ಖಾಸಗಿ ಶಾಲೆ ಕಾಲೇಜುಗಳನ್ನು ನಡೆಸಲು ಎರಡು ಹಾದಿಗಳು ಬಹುಕಾಲದಿಂದ ರೂಢಿಯಲ್ಲಿವೆ. ಒಂದು, ೧೮೬೦ರ ಕಾಯದೆಯಂತೆ ನೋಂದಾಯಿಸಿದ ಸಂಘ. ಅದರಲ್ಲಿ ಸದಸ್ಯರು ಕೂಡಿ ಆಡಳಿತ ಮಂಡಲಿಯನ್ನು ಆರಿಸುವರು. ಇನ್ನೊಂದು, ಸಾರ್ವಜನಿಕ ಟ್ರಸ್ಟ್. ಇದರಲ್ಲಿ ಸ್ಥಾಪಿಸುವವನು ಒಂದು ಪತ್ರವನ್ನು ಬರೆದು, ಇಂತಿಂತಹ ಸಾರ್ವಜನಿಕ ಕಾರ್ಯಕ್ಕಾಗಿ ಈ ಆಸ್ತಿಯಿರಲೆಂದು ಗೊತ್ತುಪಡಿಸಿ ವಿಶ್ವಸ್ತರ ಕೈಗೆ ಒಪ್ಪಿಸುವನು. ಅಂದಿನಿಂದ ಆ ಆಸ್ತಿ ಸ್ಥಾಪಕನದಲ್ಲ, ವಿಶ್ವಸ್ತರದೂ ಅಲ್ಲ. ವಿಶ್ವಸ್ತನು ಅದನ್ನು ಮಾರಿ ತಿನ್ನುವಂತಿಲ್ಲ, ಮಗಳ ಮದುವೆಗೆ ಬಳಸುವಂತಿಲ್ಲ, ಮೃತ್ಯುಪತ್ರದಲ್ಲಿ ಮಗನಿಗೆ ಬರೆಯುವಂತಿಲ್ಲ. ೧೯೫೦ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯದೆಯು ಇಂತಹ ಟ್ರಸ್ಟುಗಳು ನೋಂದಣಿಯಾಗಬೇಕೆಂದೂ ಲೆಕ್ಕಪತ್ರಗಳನ್ನಿಟ್ಟು ತಪಾಸಣೆ ಮಾಡಿಸಬೇಕೆಂದೂ ವಿಧಿಸಿತು. ಉತ್ತರ ಕನ್ನಡವು ಆಗ ಮುಂಬಯಿ ರಾಜ್ಯದಲ್ಲಿದ್ದುದರಿಂದ ಈ ನಿಯಮವು ಅಲ್ಲಿಗೂ ಸಂದಿತು. ಕಾಯದೆಯ ಭಾಷೆ ಏನೇ ಇರಲಿ, ಅದರ ಹುರುಳು ದಾಸೋಹದ ಹುರುಳೇ: ಕೈಯಲ್ಲಿರುವ ಧನವು ತನ್ನದಲ್ಲ.

ಟ್ರಸ್ಟಿನ ಶಾಲೆಗಳು ಜಿಲ್ಲೆಯ ಬೇರೆ ಬೇರೆ ಕಡೆಗಳಲ್ಲಿ ತಲೆಯೆತ್ತಿದವು. ಅವುಗಳ ಹೆಸರುಗಳನ್ನು ಗಮನಿಸಿದರೆ ಸ್ಥಾಪಕರ ಮನಸ್ಸು ತಿಳಿಯುವುದು. ಅಂಕೋಲೆಯಲ್ಲಿ ಪೀಪಲ್ಸ್ ಹೈಸ್ಕೂಲು, ದಾಂಡೇಲಿ, ಶಿರಾಲಿ ಮೊದಲಾದೆಡೆಗಳಲ್ಲಿ ಜನತಾ ವಿದ್ಯಾಲಯ. ಜನರದೆಂಬ ಹೆಸರೇ ಎಲ್ಲೆಲ್ಲಿಯೂ. ಇವು ಸಿದ್ಧವಾದ ಮೇಲೆಯೇ ಕಾಲೇಜಿನ ಮಾತು. ಬುನಾದಿಯಿಲ್ಲದೆ ಮಾಳಿಗೆ ಏಳದು. ಹೈಸ್ಕೂಲಿಲ್ಲದ ಸೀಮೆಯಲ್ಲಿ ಕಾಲೇಜು ತೆರೆದರೆ ಬೆಂಚುಗಳು ಬರಿದಾಗಿರುವುವು.

೧೯೬೬ರಲ್ಲಿ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದವು. ಆ ವರ್ಷ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಸ್ವಂತ ಹೆಸರನ್ನೂ ಇಡದೆ, ಮನೆತನದ ಹೆಸರನ್ನೂ ಇಡದೆ, ದೇಸಾಯಿಯವರು ಗುರುವಿನ ಹೆಸರನ್ನಿಟ್ಟರು. ಬೇಲೆಕೇರಿ, ಭಾವಿಕೇರಿ, ಅವರ್ಸೆಯ ಹುಡುಗ ಹುಡುಗಿಯರು ಮನೆಯ ಗಂಜಿಯನ್ನುಂಡು ಕಾಲೇಜಿಗೆ ಹೋಗಿ ಸಂಜೆಗೆ ಮರಳುವುದು ಸಾಧ್ಯವಾಯಿತು. ಘಟ್ಟವನ್ನೇರದೆ ಪದವಿ ಪಡೆಯಬಹುದೆಂಬುದು ಬಡ ಗೃಹಸ್ಥನಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿದ್ದ ಗೃಹಸ್ಥನಿಗೆ, ಎಂತಹ ಸಮಾಧಾನವೆಂಬುದನ್ನು ಬಣ್ಣಿಸಬೇಕಾಗಿಲ್ಲ.

ಕಾಲೇಜು ಶಾಲೆಯಂತೆ ಒಬ್ಬರ ಇಚ್ಛೆಯಿಂದಲೇ ನಡೆಯತಕ್ಕದ್ದಲ್ಲ. ಅದಕ್ಕೆ ಮೂವರು ಒಡೆಯರುಂಟು, ಮೂವರಿಗೂ ಮಿತಿಯುಂಟು. ಮೊದಲನೆಯದು ವಿಶ್ವವಿದ್ಯಾಲಯ. ಮುಂಬಯಿ ಸೀಮೆಯ ಕಾಲೇಜುಗಳೆಲ್ಲ ಹಿಂದೆ ೧೮೫೭ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಉತ್ತರ ಕನ್ನಡದ ಕಾಲೇಜುಗಳು ಅದರ ಆಶ್ರಯಕ್ಕೆ ಬಂದವು. ಹೊಸ ಕಾಲೇಜು ಬೇಕೆಂದವರು ಅದರಿಂದ ಸಂಲಗ್ನತೆ ಪಡೆಯಬೇಕು. ಕಟ್ಟಡ, ಪುಸ್ತಕಭಂಡಾರ, ಪ್ರಯೋಗಶಾಲೆ, ಅಧ್ಯಾಪಕರ ಯೋಗ್ಯತೆ, ಸಂಸ್ಥೆಯ ನಿಧಿ ಇವನ್ನು ತಜ್ಞರ ಸಮಿತಿಯು ಬಂದು ನೋಡುವುದು. ಪಠ್ಯಕ್ರಮ, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದವು. ಪಾಠ ಮಾತ್ರ ಕಾಲೇಜಿನದು. ೧೯೫೪ರಿಂದ ೧೯೬೭ರವರೆಗೆ ಆ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು ಡಾ. ಡಿ. ಸಿ. ಪಾವಟೆಯವರು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಪಳಗಿದ ಆ ಗಣಿತಜ್ಞರ ಕಾಲದಲ್ಲಿಯೇ ಅಂಕೋಲೆಯ ಕಾಲೇಜು ಹುಟ್ಟಿತು.

ಎರಡನೆಯದು ಸರಕಾರ. ಅದು ನೇಮಾನುಸಾರ ಅನುದಾನವನ್ನು ಕೊಡುವುದು, ಕೊಟ್ಟುದರ ಲೆಕ್ಕವನ್ನು ಕೇಳುವುದು. ಬಡವರ ಶುಲ್ಕದಿಂದಲೇ ಕಾಲೇಜು ನಡೆಯಲಾರದಾದುದರಿಂದ ಅನುದಾನವಿಲ್ಲದೆ ಗತಿಯಿಲ್ಲ. ಅನುದಾನ ಬಂದೊಡನೆ ಸ್ವಾತಂತ್ರ್ಯದ ಒಂದು ಪಾಲು ಹೋಗುವುದೂ ನಿಜ. ಮೂರನೆಯದು ಆಡಳಿತ ಮಂಡಲಿ. ನೆಲ ಒದಗಿಸುವುದು, ಹಣ ಕೂಡಿಸುವುದು, ಯೋಗ್ಯರನ್ನು ಆರಿಸುವುದು ಅದರ ಕೆಲಸ. ಇವರೆಲ್ಲರ ನಡುವೆ ಪ್ರಾಚಾರ್ಯನಿರುವನು. ತರಗತಿ, ಶಿಸ್ತು, ಪ್ರವೇಶ, ವಿದ್ಯಾರ್ಥಿಗಳ ಕ್ಷೇಮ ಅವನ ಹೊಣೆ. ಮಂಡಲಿಯು ಪ್ರಾಚಾರ್ಯನ ಕೋಣೆಯನ್ನು ಹೊಕ್ಕು ಕುಳಿತರೆ ಕಾಲೇಜು ಕೆಡುವುದು. ಪ್ರಾಚಾರ್ಯನು ಮಂಡಲಿಗೆ ಲೆಕ್ಕ ಕೊಡದಿದ್ದರೂ ಕೆಡುವುದು. ಒಬ್ಬೊಬ್ಬನೂ ತನ್ನ ಮಿತಿಯನ್ನು ಅರಿತು ನಡೆದಾಗ ಮಾತ್ರ ಈ ರಥ ಮುಂದೆ ಸಾಗುವುದು.

ಈ ರೀತಿಯ ಸಂಸ್ಥಾಜೀವನವು ಲಿಂಗವಂತ ಸಮಾಜಕ್ಕೆ ಹೊಸದಲ್ಲ. ೧೯೦೬ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಬಸವನಾಳ, ಸಾಖರೆ ಮೊದಲಾದ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಗಾಗಿ ಬಾಳನ್ನೇ ಮುಡಿಪಿಟ್ಟರು. ೧೯೩೩ರಲ್ಲಿ ಅಲ್ಲಿ ಲಿಂಗರಾಜ ಕಾಲೇಜು ತೆರೆಯಿತು. ಒಂದೆಡೆ ಸಿರಿವಂತನೊಬ್ಬನ ಮಹಾತ್ಯಾಗ, ಇನ್ನೊಂದೆಡೆ ಬಡ ಶಿಕ್ಷಕರ ಕಾಯಕ. ಎರಡೂ ಕೂಡಿದಲ್ಲಿ ಕಾಲೇಜು ಬೆಳೆಯಿತು. ಕಡಲತೀರದ ದೇಸಾಯಿಯವರಿಗೆ ಸಂಸ್ಥಾನವೂ ಇರಲಿಲ್ಲ, ಬೆಂಬಲಕ್ಕೆ ಒಂದು ದೊಡ್ಡ ಸಮಾಜವೂ ಇರಲಿಲ್ಲ. ಜನರ ವಿಶ್ವಾಸವೊಂದೇ ಅವರ ಬಂಡವಾಳ. ಹಣ ಬೇಡಿದವನು ಅದರಲ್ಲಿ ತನಗೆಂದು ಬಿಡಿಕಾಸನ್ನೂ ಮುಟ್ಟಲಾರನೆಂಬ ನಂಬುಗೆ ಇದ್ದಾಗ ಕೊಡುವ ಕೈ ಹಿಂಜರಿಯದು. ಭಾರತ ಸೇವಕ ಸಮಾಜದ ವ್ರತವು ದೇಸಾಯಿಯವರಿಗೆ ಈ ನಂಬುಗೆಯನ್ನು ತಂದುಕೊಟ್ಟಿತು.

ಆಡಳಿತದ ಈ ದುಡಿಮೆಯ ನಡುವೆ ಅವರ ಕಾವ್ಯವೂ ನಿಲ್ಲಲಿಲ್ಲ. ನಾಲ್ಕೇ ಸಾಲಿನ ಚುಟುಕಗಳಲ್ಲಿ ಲೋಕದ ಡಂಭವನ್ನು ನಗುನಗುತ್ತ ಬಯಲಿಗೆಳೆದ ಅವರನ್ನು ಕನ್ನಡಿಗರು ಚುಟುಕ ಬ್ರಹ್ಮನೆಂದು ಕರೆದರು. ಅವರು ಬರೆದ ಮಕ್ಕಳ ಗೀತಗಳು ಶಾಲೆಶಾಲೆಗಳಲ್ಲಿ ಕೇಳಿಬಂದವು. ೧೯೫೫ರಲ್ಲಿ ಜನಸೇವಕವೆಂಬ ವಾರಪತ್ರಿಕೆಯನ್ನು ಆರಂಭಿಸಿದರು. ೧೯೬೭ರಲ್ಲಿ ಜಿಲ್ಲೆಯ ಜನರು ಅವರನ್ನು ಪಕ್ಷೇತರ ಅಭ್ಯರ್ಥಿಯಾಗಿ ಲೋಕಸಭೆಗೆ ಆರಿಸಿ ಕಳುಹಿದರು. ಯಾವ ಪಕ್ಷದ ಬಲವೂ ಇಲ್ಲದೆ ಗೆದ್ದುದು ಅವರ ಸೇವೆಗೆ ಜನರು ಕೊಟ್ಟ ಮನ್ನಣೆಯೇ ಸರಿ. ಟ್ರಸ್ಟು ಅಂಕೋಲೆಯಲ್ಲಿಯೇ ನಿಲ್ಲದೆ ಬೆಳೆಯಿತು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜು, ದಾಂಡೇಲಿಯ ಬಂಗೂರನಗರ ಕಾಲೇಜು ಇವೂ ಅದರ ಆಡಳಿತಕ್ಕೆ ಸೇರಿದವು. ೧೯೮೨ರ ನವಂಬರ ೬ರಂದು ದೇಸಾಯಿಯವರು ದೇಹವನ್ನಿಟ್ಟರು. ಸ್ಥಾಪಕನು ಹೋದ ಮೇಲೂ ಕಾಲೇಜಿನ ಬಾಗಿಲು ಎಂದಿನಂತೆ ತೆರೆಯಿತು. ಸಂಸ್ಥೆಯನ್ನು ತನ್ನ ಮೇಲೆ ಒರಗಿಸಿಕೊಳ್ಳದೆ ನಿಯಮದ ಮೇಲೆ ನಿಲ್ಲಿಸಿದವನಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕಾಗಿಲ್ಲ.

ಅವರ ಬಳಿಕದ ದಶಕಗಳು ಈ ತತ್ತ್ವಕ್ಕೆ ಅನುಕೂಲವಾಗಿ ನಡೆಯಲಿಲ್ಲ. ಟ್ರಸ್ಟೆಂಬ ಹೆಸರಿನ ಹಿಂದೆ ಮನೆತನದ ವ್ಯಾಪಾರವನ್ನು ನಡೆಸುವವರು ಹೆಚ್ಚಿದರು. ಪ್ರವೇಶಕ್ಕಾಗಿ ತಲೆಗಿಷ್ಟೆಂದು ಹಣ ಕೀಳುವ ರೂಢಿ ಎಷ್ಟರಮಟ್ಟಿಗೆ ಬೆಳೆಯಿತೆಂದರೆ, ೧೯೮೪ರಲ್ಲಿ ಕರ್ನಾಟಕ ಸರಕಾರವು ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು ಪ್ರತ್ಯೇಕ ಕಾಯದೆಯನ್ನೇ ಮಾಡಬೇಕಾಯಿತು. ಒಪ್ಪಿಸಿದ ವಸ್ತುವನ್ನು ಕಾಯುವವನೇ ಕಾಯದಿದ್ದರೆ ಏನಾಗುವುದೆಂಬುದಕ್ಕೆ ಅಲಗೇರಿಯ ನೆರೆಯ ಬೇಲೆಕೇರಿಯೇ ಸಾಕ್ಷಿಯಾಯಿತು. ೨೦೧೦ರಲ್ಲಿ ಆ ಬಂದರಿನಲ್ಲಿ ಅಧಿಕಾರಿಗಳು ಮುಟ್ಟುಗೋಲು ಹಾಕಿ ಇರಿಸಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಕಾವಲಿನಲ್ಲಿದ್ದಂತೆಯೇ ಹಡಗು ಹತ್ತಿ ಹೋಯಿತು. ಅದೇ ಗಾಳಿಯನ್ನುಸಿರಾಡಿ ಬೆಳೆದ ಒಬ್ಬ ಮನುಷ್ಯನ ಕೈಯಲ್ಲಿ ಜನರಿಟ್ಟ ಹಣವಾದರೋ ಒಂದಕ್ಕೆ ಹತ್ತಾಗಿ ಬೆಳೆದು ಜನರಿಗೇ ಮರಳಿತ್ತು. ಕಾವಲು, ಮುದ್ರೆ, ಕಾಯದೆ ಇವೆಲ್ಲ ಹೊರಗಿನವು. ಮನಸ್ಸು ಕಾಯದಿದ್ದರೆ ಇವು ಯಾವುವೂ ಕಾಯಲಾರವು.

ಇಂದು ಊರೂರಿನ ಸದ್ಭಕ್ತರಲ್ಲಿ ಹಲವರು ಒಂದಲ್ಲ ಒಂದು ಶಾಲೆಯ, ಕಾಲೇಜಿನ, ವಿದ್ಯಾರ್ಥಿನಿಲಯದ ಮಂಡಲಿಯಲ್ಲಿರುವರು. ಅವರಿಗೆ ದಿನಕರ ದೇಸಾಯಿಯವರ ಬಾಳು ಕೆಲವು ಪ್ರಶ್ನೆಗಳನ್ನು ಬಿಟ್ಟುಹೋಗಿದೆ. ಸಂಸ್ಥೆಯ ಲೆಕ್ಕವನ್ನು ಊರ ಮುಂದೆ ಓದಿ ಹೇಳಲು ಎದೆಗಾರಿಕೆಯುಂಟೇ? ನೇಮಕಾತಿಯ ದಿನ ಬಂಧುವಿನ ಮಗನೂ ಬಡವನ ಮಗನೂ ಎದುರು ನಿಂತಾಗ ಯೋಗ್ಯತೆಯನ್ನೇ ನೋಡುವ ಕಣ್ಣುಂಟೇ? ಪ್ರಾಚಾರ್ಯನ ಕೆಲಸವನ್ನು ಪ್ರಾಚಾರ್ಯನಿಗೇ ಬಿಡುವ ಸಂಯಮವುಂಟೇ? ಕರೆ ಬಂದ ದಿನ ಕುರ್ಚಿಯನ್ನು ಬಿಟ್ಟು ಏಳುವಾಗ ಕೈ ಬರಿದಾಗಿರುವುದೇ? ಇವಕ್ಕೆಲ್ಲ ಹೌದೆಂದು ಉತ್ತರ ಬಂದಲ್ಲಿ ಆ ಸಂಸ್ಥೆಯ ಸೇವೆಯು ದಾಸೋಹವಾಗುವುದು. ಬಾರದಿದ್ದಲ್ಲಿ ಅದಕ್ಕೆ ಎಂತಹ ಪವಿತ್ರ ನಾಮವನ್ನಿಟ್ಟರೂ ಅದು ಅಂಗಡಿಯೇ.